ಖಾಲಿ ಮನೆಯ ದರ

ಅತ್ತೆ ಹಿಡಿದು ನಡೆಯಲೆಂದು ಮೆಟ್ಟಿಲಿನ ಗೋಡೆಗೆ ಹಾಕಿದ್ದ ಕಂಬಿಯನ್ನು ಕಿತ್ತರು. ಬಚ್ಚಲಿನ ಕಂಬಿಯನ್ನು ಕಿತ್ತರು. ಮಂಚದ ಪಕ್ಕದ್ದನ್ನೂ ಕಿತ್ತರು. ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಕೆನೆಬಣ್ಣ ಬಳಿದರು. ಅಷ್ಟೂ ಹೊತ್ತು ಅತ್ತೆ ಮಹಡಿಯಲ್ಲಿ ಅದೇ ಮಂಚದ ಮೇಲೆ ಕೂತಿದ್ದಳು.

"ಗೋಡೆ ಮುಟ್ಟಬೇಡಿ ಗೂಬಕ್ಕೋರೇ, ಬೆರಳಚ್ಚು ಬೀಳುತ್ತೆ!" ಎಂದ ಮನೆ ಮಾರಿಸುವ ದಲ್ಲಾಳಿ.

"ಬೆರಳಚ್ಚು ನನ್ನ ಹೊಟ್ಟೆಪಾಡು ಕಣ್ರೀ. ಬಿದ್ದರೆ ಬೀಳ್ಲಿ."

ಗೂಬಕ್ಕ ಕೈ ತೆಗೆಯಲಿಲ್ಲ. ದಪ್ಪ ಕನ್ನಡಕದ ಹಿಂದೆ ಗುಂಡಗೆ ಅರಳಿದ ಕಣ್ಣುಗಳಿಂದಾಗಿ ಈ ಹೆಸರು ಬಂದಿತ್ತು. ಪೊಲೀಸ್ ಕೆಲಸ ಬಿಟ್ಟ ಮೇಲೂ ಹೆಸರು ಅವಳನ್ನು ಬಿಡಲಿಲ್ಲ. ಈಗ ಅವಳು ಸ್ವಂತವಾಗಿ ಹುಡುಕುವ ಕಸುಬು ಹಿಡಿದಿದ್ದಳು. ಓಡಿಹೋದ ಗಂಡಂದಿರು, ತಪ್ಪಿಸಿಕೊಂಡ ನಾಯಿಗಳು. ನಾಯಿಗಳು ಸಿಕ್ಕರೆ ಮನೆಯವರಿಗೆ ನಿಜವಾಗಿ ಖುಷಿಯಾಗುತ್ತಿತ್ತು.

ಈ ಸಲ ಹುಡುಕಬೇಕಾಗಿದ್ದುದು ಈ ಮನೆಯ ಅತ್ತೆಯನ್ನು. ಹುಡುಕಿಕೊಡಿ ಎಂದು ಕಣ್ಣೀರು ಹಾಕಿಕೊಂಡು ಬಂದವಳು ಅತ್ತೆಯ ತಮ್ಮನ ಮಗಳು, ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ. ಎಲ್ಲಿ ಹುಡುಕಿದರೂ ಅತ್ತೆಯ ಸುಳಿವಿರಲಿಲ್ಲ. "ಇರಲಿ ಬಿಡಿ, ನೀವು ಹುಡುಕಿದ್ದೇ ದೊಡ್ಡದು. ಇವತ್ತು ಮನೆ ನೋಡೋಕೆ ಬರೋರ ಮುಂದೆ ಬಂದು ಎರಡು ಮಾತು ಹೇಳಿ, ಸಾಕು" ಎಂದು ಮೇಡಂ ಬೆಳಿಗ್ಗೆ ಕರೆಸಿಕೊಂಡಿದ್ದಳು.

ದಲ್ಲಾಳಿ ಸೋಫಾದ ದಿಂಬುಗಳನ್ನು ಗುದ್ದಿ ಗುದ್ದಿ ಉಬ್ಬಿಸುತ್ತಿದ್ದ. ಮಾತು ಸಿಹಿ ಎಂದು ಎಲ್ಲರೂ ಅವನನ್ನು ಸಕ್ಕರೆ ಎನ್ನುತ್ತಿದ್ದರು. ಸೋಫಾ ಬಾಡಿಗೆಯದು. ಕಿಟಕಿಯೆದುರು ನಿಲ್ಲಿಸಿದ ಆಳೆತ್ತರದ ಕನ್ನಡಿಯೂ ಬಾಡಿಗೆಯದೇ. ಅದು ಬೆಳಕನ್ನು ಎರಡರಷ್ಟು ಮಾಡಿ ಕೋಣೆಯ ಮೇಲೆ ಚೆಲ್ಲುತ್ತಿತ್ತು. ಅಡುಗೆಮನೆಯಿಂದ ಕಾಫಿಯ ಘಮ ಬರುತ್ತಿತ್ತು.

"ಒಂದು ಲೋಟ ಕಾಫಿ ಸಿಗುತ್ತಾ?"

"ಅಯ್ಯೋ, ಅದು ಕುಡಿಯೋಕಲ್ಲ, ವಾಸನೆಗೆ! ಬೆಳಿಗ್ಗೆಯಿಂದ ಅದನ್ನೇ ಕುದಿಸ್ತಿದ್ದೀನಿ. ಕುಡಿದರೆ ನಾಲಗೆ ಸುಲಿದುಹೋಗುತ್ತೆ. ಬಾಗಿಲು ತೆಗೆದ ತಕ್ಷಣ ಮೂಗಿಗೆ ಬಡೀಬೇಕು, ಇದು ಸುಖವಾಗಿದ್ದವರ ಮನೆ ಅಂತ."

"ಇದ್ದರಾ ಸುಖವಾಗಿ?"

"ಅದನ್ನ ಕಟ್ಟಿಕೊಂಡು ನನಗೇನಾಗಬೇಕು?" ಸಕ್ಕರೆ ಇನ್ನೊಂದು ದಿಂಬಿಗೆ ಗುದ್ದಿದ. "ನೋಡಿ, ಈ ಗೋಡೆ ತುಂಬಾ ಫೋಟೋ ಇದ್ವು. ಅಪ್ಪ, ಅಮ್ಮ, ಅತ್ತೆ, ಹಲ್ಲಿಲ್ಲದ ಮಕ್ಕಳು. ಒಂದೂ ಬಿಡದೆ ಇಳಿಸಿದೆ. ಬಂದವರು ಇಲ್ಲಿ ತಮ್ಮ ಫೋಟೋ ಹಾಕೋ ಕನಸು ಕಾಣಬೇಕು. ಬೇರೆಯವರ ಮುಖ ಕಂಡರೆ ಕನಸು ಬೀಳುತ್ತೇನ್ರೀ?"

ಮನೆ ಮಾರುವುದೆಂದರೆ ಇದೇ ಎಂದುಕೊಂಡಳು ಗೂಬಕ್ಕ. ಇಲ್ಲಿ ಯಾರೂ ಕೆಮ್ಮಲಿಲ್ಲ, ಯಾರೂ ಅಳಲಿಲ್ಲ, ಯಾರೂ ವಯಸ್ಸಾಗಿ ಗೋಡೆ ಹಿಡಿಯಲಿಲ್ಲ ಎಂದು ನಂಬಿಸುವುದು. ಅಷ್ಟು ಚೆನ್ನಾಗಿ ನಂಬಿಸಿದವನಿಗೆ ಅಷ್ಟು ಒಳ್ಳೆಯ ದರ.

ಅವಳ ಅಂಗೈ ಮೆಟ್ಟಿಲಿನ ಗೋಡೆಯ ಮೇಲೆ ಮತ್ತೆ ಸರಿದಾಡಿತು. ಕಣ್ಣಿಗೆ ನುಣುಪು. ಕೈಗೆ ಮಾತ್ರ ಅಲ್ಲಲ್ಲಿ ಚಿಕ್ಕ ಉಬ್ಬು ತಾಗುತ್ತಿತ್ತು. ಉಬ್ಬುಗಳೆಲ್ಲ ಓರೆಯಾಗಿ, ಮೆಟ್ಟಿಲಿನ ಜೊತೆಜೊತೆಗೇ ಕೆಳಗಿಳಿಯುತ್ತಿದ್ದವು.

"ಇಲ್ಲೇನಿತ್ತು?"

"ಓ, ಅದಾ? ಅಜ್ಜಿ ಹಿಡ್ಕೊಳ್ಳೋ ಕಂಬಿ. ಕೀಳಿಸಿಬಿಟ್ಟೆ. ಕಂಬಿ ಕಂಡರೆ ಬಂದವರಿಗೆ ಆಸ್ಪತ್ರೆ ನೆನಪಾಗುತ್ತೆ. ನೆನಪಾದರೆ ದರ ಬಿತ್ತು ಅಂತಲೇ."

"ಅವರು ಮನೆ ಬಿಟ್ಟು ಹೋದ ಮೇಲೆ ಕೀಳಿಸಿದ್ರಾ?"

"ಹೋಗೋವರೆಗೂ ಕಾಯ್ತಾ ಕೂತರೆ ಪುಟ್ಟಿ ಒಣಗೋದು ಯಾವಾಗ, ಬಣ್ಣ ಹೊಡಿಯೋದು ಯಾವಾಗ? ಮುಂಚೇನೇ ಕಿತ್ತಿದ್ದು. ಅಜ್ಜಿ ಮೇಲಿಂದ ಕೂಗ್ತಾನೇ ಇದ್ರು. ನಮ್ಮ ಹುಡುಗರು ಕಿವಿಗೆ ಹತ್ತಿ ಇಟ್ಕೊಂಡು ಕೆಲಸ ಮುಗಿಸಿದ್ರು, ಪಾಪ."

ಗೂಬಕ್ಕನ ಕೈ ಗೋಡೆಯ ಮೇಲೆಯೇ ನಿಂತಿತು.

ಅತ್ತೆ ಕಾಣೆಯಾದ ದಿನ ಬೆಳಿಗ್ಗೆ ತಾನಾಗಿಯೇ ಚೀಲ ಹಿಡಿದುಕೊಂಡು, ಮೆಟ್ಟಿಲಿಳಿದು, ಮುಂದಿನ ಗೇಟಿನಿಂದ ಹೊರಟುಹೋದಳು ಎಂದು ಹೇಳಿದ್ದಳು ಮೇಡಂ. ಅತ್ತೆಯ ಸೊಂಟದ ಮೂಳೆ ಮುರಿದು ಕೂಡಿತ್ತು. ಎರಡು ಕೈಯಲ್ಲೂ ಕಂಬಿ ಹಿಡಿದು, ಅಡ್ಡಡ್ಡಲಾಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ಹೆಂಗಸು ಅವಳು. ಆ ಬೆಳಿಗ್ಗೆ ಇಲ್ಲಿ ಕಂಬಿಯೇ ಇರಲಿಲ್ಲ. ಚೀಲ ಬೇರೆ ಕೈಯಲ್ಲಿ!

ಅವಳು ಇಳಿದಿಲ್ಲ. ಇಳಿಸಿದ್ದಾರೆ.

ಪಕ್ಕದ ಮನೆಯ ಟೈಲರ್ ಹೇಳಿದ್ದು ನೆನಪಾಯಿತು. ಅವನ ಹೊಲಿಗೆಯಂತ್ರ ಇರುವುದು ಅತ್ತೆಯ ಕಿಟಕಿಗೆ ನೇರ ಎದುರು. ಬಣ್ಣದ ಕೆಲಸ ಮುಗಿಯುತ್ತಾ ಬಂದಾಗ ಒಂದು ಸಲ ಆ ಕಿಟಕಿಯಿಂದ ಕೂಗು ಕೇಳಿತಂತೆ. 'ಪುಟ್ಟಿ ಬೇಡ! ಬೇಡ ಪುಟ್ಟಿ, ಬೇಡ!' ಟೈಲರ್ ಅದನ್ನು ಹೇಳುವಾಗ ನಕ್ಕಿದ್ದ. "ಬಣ್ಣ ಬೇಡ ಅಂದರೆ ಅರ್ಥ ಇದೆ ಅಕ್ಕ, ಪುಟ್ಟಿ ಮೇಲೆ ಯಾಕಂತೆ ಅಷ್ಟು ಸಿಟ್ಟು?" ಗೂಬಕ್ಕನೂ ನಕ್ಕಿದ್ದಳು. ಈಗ ನಗು ಬರಲಿಲ್ಲ. ಕಂಬಿಯ ತೂತು ಮುಚ್ಚಬೇಡಿ ಎಂದು ಬಡಕೊಂಡಿದ್ದಾಳೆ ಪಾಪದ ಹೆಂಗಸು.

"ಮನೆಗೆ ಎಷ್ಟು ಹೇಳಿದ್ದೀರಿ?" ಏನೂ ಆಗದವಳ ಹಾಗೆ ಕೇಳಿದಳು.

ಸಕ್ಕರೆ ಅತ್ತಿತ್ತ ನೋಡಿ, ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. ಗೂಬಕ್ಕನ ಕನ್ನಡಕ ಮೂಗಿನ ತುದಿಗೆ ಜಾರಿತು.

"ಅಷ್ಟಾ! ಯಾರು ಕೊಡ್ತಾರೆ?"

"ಕೊಡ್ತಾರೆ. ದರ ಹೇಳೋದೂ ಒಂದು ವಿದ್ಯೆ ಅಕ್ಕ." ಸಕ್ಕರೆಗೆ ಹುರುಪು ಬಂತು. ಬಾಡಿಗೆ ಸೋಫಾದ ಅಂಚಿಗೆ ಕೂತೇಬಿಟ್ಟ. "ಸೊನ್ನೆಗಳೇ ತುಂಬಿದ ಗುಂಡಗಿನ ಸಂಖ್ಯೆ ಹೇಳಲೇಬಾರದು. ಗುಂಡಗಿದ್ದರೆ ಬಾಯಿಗೆ ಬಂದಿದ್ದು ಹೇಳಿದ್ದಾನೆ ಅಂದ್ಕೋತಾರೆ. ಕೊನೆಗೆ ಚಿಲ್ಲರೆಯ ಬಾಲ ಇರಬೇಕು, ಆಗ ಲೆಕ್ಕ ಹಾಕಿದ್ದಾನೆ ಅಂತ ಮರ್ಯಾದೆ. ಆಮೇಲೆ, ಬೀದಿಯಲ್ಲಿ ಬೇರೆ ಮನೆಗಳು ಹೋದ ದರಕ್ಕಿಂತ ಕೂದಲೆಳೆಯಷ್ಟು ಕಡಿಮೆ ಹೇಳಬೇಕು. ಒಬ್ಬರು ಬರೋ ಕಡೆ ಇಬ್ಬರು ಬರ್ತಾರೆ. ಇಬ್ಬರು ಬಂದರೆ ಒಬ್ಬರ ಮೇಲೊಬ್ಬರಿಗೆ ಹಟ. ಹಟ ಹತ್ತಿಸಿ ನಾನು ಸುಮ್ಮನೆ ಕೂತರೆ ಸಾಕು."

"ಆದರೆ ಮಹಡಿ ಅತ್ತೆಯದ್ದಲ್ವಾ? ಇವರ ಅಪ್ಪ ಮನೆಯನ್ನ ಮಕ್ಕಳಿಬ್ಬರಿಗೆ ಬರೆದಾಗ, ತನ್ನ ಅಕ್ಕ ಬದುಕಿರೋ ತನಕ ಮಹಡಿ ಅವಳದ್ದೇ, ತಾನಾಗಿ ಬಿಟ್ಟುಹೋದರೆ ಮಾತ್ರ ಬೇರೆ ಮಾತು ಅಂತ ಬರೆಸಿದ್ದರಲ್ಲ. ಅದಕ್ಕೇನೂ ದರ ಇಳಿಯಲ್ವಾ?"

"ಇಳಿಯದೆ! ಜನ ಇರೋ ಮನೆಗೆ ಒಂದು ದರ, ಖಾಲಿ ಮನೆಗೆ ಒಂದು ದರ. ಒಳಗೆ ಹಕ್ಕಿರೋರು ಒಬ್ಬರು ಉಸಿರಾಡ್ತಿದ್ದರೆ ಅರ್ಧಕ್ಕೂ ಯಾರೂ ಮೂಸಿ ನೋಡಲ್ಲ. ನಾನು ಹೇಳಿದ್ದು ಖಾಲಿ ಮನೆಯ ದರ."

"ಈಚೆಗೆ ಹೇಳಿದ್ದಾ?"

"ಈಚೆಗ್ಯಾಕೆ? ಜಾಹೀರಾತು ಕೊಟ್ಟಾಗಿಂದ ಅದೇ ದರ. ನನ್ನ ಮಾತು ಅಂದರೆ ಮಾತು. ಬಣ್ಣದವರು ಏಣಿ ತರೋಕೆ ಮುಂಚೇನೇ ಜಾಹೀರಾತು..."

ಅವನ ಬಾಯಿ ತೆರೆದಂತೆಯೇ ಉಳಿಯಿತು. ಸಕ್ಕರೆ ಕರಗತೊಡಗಿದ.

"ಹೇಳಿ," ಎಂದಳು ಗೂಬಕ್ಕ. "ಮೇಲೆ ಮಂಚದ ಮೇಲೆ ಹೆಂಗಸು ಕೂತಿದ್ದಾಳೆ. ನಾನು ಸಾಯೋ ತನಕ ಕದಲಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತಿದ್ದಾಳೆ. ಕೆಳಗೆ ನೀವು ಖಾಲಿ ಮನೆ ಅಂತ ದರ ಕಟ್ಟಿದ್ದೀರಿ. ನಿಮಗೆ ಕನಸು ಬಿತ್ತಾ?"

"ಅದು... ಮನೆಯವರು ಹೇಳಿದ್ರು. ನೀನು ಖಾಲಿ ಅಂತಲೇ ಹಾಕು, ಜನ ಬರೋ ಹೊತ್ತಿಗೆ ಖಾಲಿ ಇರುತ್ತೆ ಅಂತ."

"ಮನೆಯವರು ಅಂದರೆ ಇಬ್ಬರು. ಅಣ್ಣನಾ, ತಂಗಿಯಾ?"

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಕ್ಕ," ಎಂದು ಸಕ್ಕರೆ ದಿಂಬನ್ನು ಎದೆಗೆ ಅವುಚಿಕೊಂಡ. "ನಾನು ಗೋಡೆ ನೋಡ್ತೀನಿ, ದರ ನೋಡ್ತೀನಿ. ಮನುಷ್ಯರನ್ನ ನೋಡೋ ಕೆಲಸ ನನ್ನದಲ್ಲ."

ಗೂಬಕ್ಕನ ಅನುಮಾನವೆಲ್ಲ ಅಣ್ಣನ ಮೇಲೆಯೇ ಇತ್ತು. ದೂರದ ಊರಿನಲ್ಲಿ ಗ್ಯಾರೇಜ್ ಇಟ್ಟುಕೊಂಡವನು, ಒರಟ, ಅತ್ತೆಯ ಮೇಲೆ ಕೈ ಎತ್ತಿಕೊಂಡು ಹೋಗಿದ್ದವನು ಎಂದು ಮೇಡಂ ಮೊದಲ ದಿನವೇ ಅವಳ ಕಿವಿಗೆ ಹಾಕಿದ್ದಳು. ಅವನೂ ಇವತ್ತು ಬರುವವನಿದ್ದ.

ಗೇಟು ಕಿರುಗುಟ್ಟಿತು. ಬಂದವನು ಅವನೇ. ಉಗುರಿನ ಸಂದಿಯಲ್ಲಿ ಗ್ರೀಸು, ಕಂಕುಳಲ್ಲಿ ಹೆಲ್ಮೆಟ್ಟು. ಒಳಗೆ ಕಾಲಿಟ್ಟವನು ಸೋಫಾ ನೋಡಲಿಲ್ಲ, ಕನ್ನಡಿ ನೋಡಲಿಲ್ಲ. ಮೆಟ್ಟಿಲಿನ ಗೋಡೆ ನೋಡಿ ನಿಂತುಬಿಟ್ಟ.

"ಕಂಬಿ ಎಲ್ಲಿ?"

ಸಕ್ಕರೆ ದಿಂಬಿನ ಹಿಂದೆ ಮುಖ ಮರೆಸಿಕೊಂಡ.

"ಏನಯ್ಯಾ, ನಿನ್ನನ್ನೇ ಕೇಳ್ತಿರೋದು. ಕಂಬಿ ಎಲ್ಲಿ? ನಾನು ಹಾಕಿದ್ದು ಅದು. ನನ್ನ ಗ್ಯಾರೇಜಲ್ಲಿ ಬಗ್ಗಿಸಿ, ಬೆಸೆದು, ಅತ್ತೆ ಕೈಗೆ ಚುಚ್ಚಬಾರದು ಅಂತ ಉಜ್ಜಿ ಉಜ್ಜಿ ತಂದಿದ್ದು. ನಾನೇ ನೇತಾಡಿ ನೋಡಿದ್ದೆ, ಬೀಳುತ್ತಾ ಅಂತ." ಅವನ ದನಿ ಒಮ್ಮೆಲೇ ಚಿಕ್ಕದಾಯಿತು. "ಇದಿಲ್ಲದೆ ಅವಳು ಹೇಗೆ ಇಳಿದಳು?"

ತಾನು ಕೇಳಬೇಕಾದ ಪ್ರಶ್ನೆಯನ್ನು ಆರೋಪಿಯೇ ಕೇಳುತ್ತಿದ್ದ.

ಅಣ್ಣ ಅಡುಗೆಮನೆಯ ಕಡೆ ತಿರುಗಿ, ಮನೆ ಕಿತ್ತುಹೋಗುವ ಹಾಗೆ ಕೂಗಿದ.

"ಪುಟ್ಟೀ! ಏ ಪುಟ್ಟೀ! ಬಾರೇ ಇಲ್ಲಿ!"

ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದವಳು ಮೇಡಂ.

ಗೂಬಕ್ಕನಿಗೆ ಕಿವಿಯೊಳಗೆ ಯಾರೋ ತಟ್ಟೆ ಬೀಳಿಸಿದಂತಾಯಿತು. ಕಾಲೇಜಿನ ಮೇಡಂ. ಕನ್ನಡಕ, ಗಂಜಿ ಹಾಕಿದ ಸೀರೆ, ಅಳೆದು ತೂಗಿದ ಮಾತು. ಅವಳಿಗೂ ಮನೆಯಲ್ಲೊಂದು ಮುದ್ದಿನ ಹೆಸರು ಇರಬಹುದು ಎಂದು ತನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಹೆಣ್ಣುಮಗುವಿದ್ದ ಎಷ್ಟು ಮನೆಗಳಲ್ಲಿ ಒಬ್ಬಳು ಪುಟ್ಟಿ ಇಲ್ಲ?

ಅತ್ತೆ ಗೋಡೆಗೆ ಮೆತ್ತುವ ಪುಟ್ಟಿಯನ್ನು ಬೇಡ ಎನ್ನಲಿಲ್ಲ. ತಾನು ಎತ್ತಿ ಆಡಿಸಿದ ಪುಟ್ಟಿಗೆ ಬೇಡ ಎಂದಳು. ಕಿಟಕಿಯ ಆಚೆ ಕೂತವನು ನಕ್ಕ. ಕೇಳಿದ ತಾನೂ ನಕ್ಕಳು.

"ಅಣ್ಣ, ಕಿರುಚಬೇಡ, ಜನ ಬರೋ ಹೊತ್ತಾಯ್ತು," ಎಂದಳು ಮೇಡಂ. "ಅತ್ತೆ ತಾನಾಗಿ ಹೋದಳು ಅಂತ ಫೋನಲ್ಲೇ ಹೇಳಿದ್ದೆನಲ್ಲ."

"ಮಂಚದ ಹತ್ತಿರದ್ದು? ಅದನ್ನೂ ಕಿತ್ತಿದ್ದೀಯಾ?" ಅಣ್ಣ ಉತ್ತರಕ್ಕೆ ಕಾಯದೆ ಧಡಧಡ ಮೆಟ್ಟಿಲು ಹತ್ತಿದ. ಸಕ್ಕರೆ ಕಾಫಿ ನೋಡಿಕೊಂಡು ಬರುತ್ತೇನೆಂದು ಅಡುಗೆಮನೆಗೆ ನುಸುಳಿದ.

ಬಾಡಿಗೆ ಕನ್ನಡಿಯ ಮುಂದೆ ಇಬ್ಬರೇ ಉಳಿದರು.

"ಮೇಡಂ," ಎಂದಳು ಗೂಬಕ್ಕ. "ನಿಮ್ಮ ಅತ್ತೆ 'ಬೇಡ ಪುಟ್ಟಿ, ಬೇಡ' ಅಂತ ಕೂಗಿದಾಗ ನೀವು ಅವರಿಗೆ ಏನು ಮಾಡ್ತಿದ್ರಿ?"

ಮೇಡಂ ಬೆಚ್ಚಲಿಲ್ಲ. ತರಗತಿಯಲ್ಲಿ ತಡವಾಗಿ ಕೈ ಎತ್ತಿದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದಳು.

"ಎತ್ತಿ ಕುರ್ಚಿಯಲ್ಲಿ ಕೂರಿಸ್ತಿದ್ದೆ. ಇಬ್ಬರು ಆಳುಗಳು ಬಂದಿದ್ರು. ನೋವಾಗದ ಹಾಗೆ ಹಿಡೀರಿ ಅಂತ ನಾನೇ ಹೇಳ್ತಿದ್ದೆ."

"ಹಾಗಾದರೆ ನನ್ನನ್ನ ಯಾಕೆ ಹುಡುಕೋಕೆ ಹಾಕಿದ್ರಿ? ಎಲ್ಲಿದ್ದಾರೆ ಅಂತ ನಿಮಗೇ ಗೊತ್ತಿತ್ತಲ್ಲ!"

"ಕೊಳ್ಳೋರು ಕೇಳಿದ್ರು, ಆ ಮುದುಕಿ ನಾಳೆ ವಾಪಸ್ ಬಂದು ಮಹಡಿ ನಂದು ಅಂದರೆ ಅಂತ. ನಾನು ಹೇಳಿದರೆ ಯಾರು ನಂಬ್ತಾರೆ? ನೀವು ಹೇಳಿದರೆ ನಂಬ್ತಾರೆ. ನಿಮಗೆ ಒಳ್ಳೇ ಹೆಸರಿದೆ."

ಗೂಬಕ್ಕ ಗೋಡೆಯ ಕಡೆ ನೋಡಿದಳು. ಕಂಬಿಯ ತೂತಿಗೆ ಪುಟ್ಟಿ. ಪುಟ್ಟಿಯ ಮೇಲೆ ಬಣ್ಣ. ಬಣ್ಣದ ಮೇಲೆ ಬಳಿಯಲು ತಾನು. ಬಸ್ ನಿಲ್ದಾಣ, ಆಸ್ಪತ್ರೆ, ಅನಾಥಾಲಯ ಎಂದು ಸುತ್ತಿ ಕಾಲು ಸವೆಸಿದ್ದೆಲ್ಲ ಈ ಮನೆಯ ಕೊನೆಯ ಕೋಟು. ಇಷ್ಟು ಅಚ್ಚುಕಟ್ಟಾಗಿ ಅವಳಿಗೆ ಯಾರೂ ಕಾಗೆ ಹಾರಿಸಿರಲಿಲ್ಲ.

"ನಿಮ್ಮನ್ನ ಸಾಕಿದವರು ಅವರು."

"ಸಾಕಿದಳು. ಇಲ್ಲ ಅನ್ನಲ್ಲ." ಮೇಡಂನ ದನಿ ಮೊದಲ ಸಲ ಒಡೆಯಿತು. "ಆಮೇಲೆ ನಾನೂ ಅವಳನ್ನ ಸಾಕಿದೆ. ಅಣ್ಣ ಕಂಬಿ ಹಾಕಿ ಬಸ್ ಹತ್ತಿದ, ದೊಡ್ಡ ಮನುಷ್ಯ ಆದ. ಬಚ್ಚಲಿಗೆ ಕೂರಿಸಿದ್ದು ಯಾರು? ತೊಳೆದಿದ್ದು ಯಾರು? ರಾತ್ರಿ ಕೂಗಿದರೆ ಎದ್ದಿದ್ದು ಯಾರು? ನನ್ನ ತಲೆಕೂದಲು ಬೆಳ್ಳಗಾಯ್ತು ಈ ಮೆಟ್ಟಿಲು ಹತ್ತಿ ಇಳಿದು. ನನಗೊಂದು ಬದುಕು ಬೇಡ್ವಾ ಹೇಳಿ?"

"ಬೇಕು. ಕೇಳಿ ತಗೊಳ್ಳಿ, ಅಣ್ಣನ ಕುತ್ತಿಗೆಪಟ್ಟಿ ಹಿಡಿದು ತಗೊಳ್ಳಿ, ನಾನೂ ಜೊತೆಗೆ ಬರ್ತೀನಿ. ಅವರ ಕೈಯಲ್ಲಿದ್ದ ಕಂಬಿ ಕಿತ್ತು ತಗೋಬೇಡಿ."

"ಭಾಷಣ ಚೆನ್ನಾಗಿದೆ." ಮೇಡಂ ಮತ್ತೆ ಮೇಡಂ ಆದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ಹತ್ತಿರ ಬಂದು ದನಿ ತಗ್ಗಿಸಿದಳು. "ಈಗ ಕೇಳಿ. ಅತ್ತೆ ಒಂದು ಕಡೆ ಇದ್ದಾಳೆ. ಊಟ, ಔಷಧಿ ಎಲ್ಲ ನಡೀತಿದೆ. ಬಂದವರ ಮುಂದೆ ನೀವು ಒಂದೇ ಮಾತು ಹೇಳಬೇಕು, ತಾನಾಗಿ ಹೋದಳು ಅಂತ. ಹೇಳಿದರೆ ಸಂಜೆಗೆ ನಿಮ್ಮನ್ನೇ ಅಲ್ಲಿಗೆ ಕರ್ಕೊಂಡು ಹೋಗ್ತೀನಿ."

"ಹೇಳದಿದ್ದರೆ?"

"ನಾನು ಒಂದು ಫೋನ್ ಮಾಡ್ತೀನಿ. ಅವಳನ್ನ ಅಲ್ಲಿಂದ ಸಾಗಿಸ್ತಾರೆ. ಯಾವ ಊರಿಗೆ ಅಂತ ನಾನು ಕೇಳಲ್ಲ. ಕೇಳದಿದ್ದರೆ ನನಗೂ ಗೊತ್ತಿರಲ್ಲ, ನೋಡಿ."

ಮೇಲಿನಿಂದ ಅಣ್ಣನ ಹೆಜ್ಜೆಯ ಸದ್ದು ಕೇಳುತ್ತಿತ್ತು. ಖಾಲಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ.

ಕರೆಗಂಟೆ ಸದ್ದು ಮಾಡಿತು. ಸಕ್ಕರೆ ಅಡುಗೆಮನೆಯಿಂದ ಹಾರಿಬಂದು, ಮುಖಕ್ಕೆ ನಗು ಅಂಟಿಸಿಕೊಂಡು ಬಾಗಿಲು ತೆಗೆದ. ಬಂದವರು ಗಂಡ ಹೆಂಡತಿ. ಹೆಂಡತಿಗೆ ತುಂಬಿದ ಬಸುರು, ಒಳಗೆ ಬಂದವಳೇ ಮೂಗರಳಿಸಿ, "ಎಷ್ಟು ಚೆನ್ನಾಗಿದೆ ವಾಸನೆ!" ಎಂದಳು. ಗಂಡ ಗೋಡೆಗಳ ಮೇಲೆ ಕಣ್ಣಾಡಿಸಿದ. ಅವನು ಆಗಲೇ ಅಲ್ಲಿ ಫೋಟೋ ಹಾಕುತ್ತಿದ್ದ.

"ಒಂದೇ ವಿಷಯ ಇತ್ತು," ಎಂದ ಅವನು, ಸಂಕೋಚದಿಂದ. "ಮಹಡಿಯಲ್ಲಿ ಒಬ್ಬರು ವಯಸ್ಸಾದವರು ಇದ್ದರಂತಲ್ಲ. ನಾವು ಇಬ್ಬರೂ ದುಡಿದದ್ದೆಲ್ಲ ಇದಕ್ಕೇ ಹಾಕ್ತಿದ್ದೀವಿ. ನಾಳೆ ಯಾರದ್ದೂ ತಕರಾರು ಬರಬಾರದು."

"ಅದಕ್ಕೇ ಇವರನ್ನ ಕರೆಸಿದ್ದೀನಿ," ಎಂದಳು ಮೇಡಂ. "ಊರೆಲ್ಲ ಹುಡುಕಿದವರು. ಇವರ ಬಾಯಿಂದಲೇ ಕೇಳಿ."

ಅವಳ ಕೈಯಲ್ಲಿ ಫೋನ್ ಇತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು.

ಹೇಳಿಬಿಟ್ಟರೆ ಅತ್ತೆ ಸಂಜೆಗೆ ಸಿಗಬಹುದು. ಆದರೆ ತಾನಾಗಿ ಹೋದವಳಾಗಿ ಸಿಗುತ್ತಾಳೆ. ಮಹಡಿ ಇಲ್ಲದವಳಾಗಿ, ಎಲ್ಲಿ ಇಟ್ಟರೆ ಅಲ್ಲಿ ಇರಬೇಕಾದವಳಾಗಿ. ನನ್ನನ್ನು ಎತ್ತಿಕೊಂಡು ಹೋದರು ಎಂದು ಅವಳು ಯಾರ ಮುಂದೆ ಬಾಯಿ ಬಿಟ್ಟರೂ, ಇವತ್ತು ಗೂಬಕ್ಕ ಆಡಿದ ಮಾತನ್ನೇ ಅವಳ ಬಾಯಿಗೆ ತುರುಕುತ್ತಾರೆ. ಅದೂ ಮೇಡಂ ಕೊಟ್ಟ ಮಾತು ಉಳಿಸಿಕೊಂಡರೆ. ಹೇಳದಿದ್ದರೆ ಅತ್ತೆಯ ಕುರ್ಚಿ ಈಗಲೇ ಯಾವುದೋ ಗಾಡಿ ಹತ್ತುತ್ತದೆ.

ಬಸುರಿ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಮೆಟ್ಟಿಲ ತುದಿಯಲ್ಲಿ ಅಣ್ಣ ಬಂದು ನಿಂತಿದ್ದ.

"ಹೇಳಿ ಅಕ್ಕ," ಎಂದಳು ಮೇಡಂ ಮೆಲ್ಲಗೆ. ಅಲ್ಲಿಯವರೆಗೆ ಅವಳು ಗೂಬಕ್ಕನನ್ನು ಅಕ್ಕ ಎಂದಿರಲಿಲ್ಲ. "ತಾನಾಗಿ ಹೋದಳು ಅಂತ ಹೇಳಿ."

ಗೂಬಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಹೇಳಲ್ಲ," ಎಂದಳು. ಮೆಟ್ಟಿಲ ತುದಿಯವರೆಗೂ ಕೇಳುವಷ್ಟು ಗಟ್ಟಿಯಾಗಿ. "ಬದುಕಿದ್ದಾಳೆ ಆ ಹೆಂಗಸು. ಹೊತ್ತುಕೊಂಡು ಹೋಗಿ ಬಚ್ಚಿಟ್ಟಿದ್ದಾರೆ."

ಮೇಡಂನ ಹೆಬ್ಬೆರಳು ಗುಂಡಿ ಒತ್ತಿತು. ಆ ಕಡೆ ರಿಂಗಾಗುವ ಸದ್ದು ಕೋಣೆಗೆಲ್ಲ ಕೇಳಿಸಿತು.

"ಇನ್ನೂ ಎತ್ತಿಲ್ಲ. ಕೊನೇ ಸಲ. ಹೇಳ್ತೀರಾ ಇಲ್ವಾ?"

"ಸಾಯೋವರೆಗೂ ಹೇಳಲ್ಲ ಕಣೇ, ಪುಟ್ಟಿ."

ಆ ಕಡೆ ಯಾರೋ ಫೋನ್ ಎತ್ತಿದರು.